ಹಾಡುವ ದನಿ, ಕುಣಿಯುವ ದೇಹ: ಕಾಫಿ ಸೀಮೆಯ ಕೇಳುಗರು ಮತ್ತು ಯಕ್ಷಗಾನದ ಪದ್ಯ

ಯಕ್ಷಗಾನದ ಆಟ ನೋಡಿ ಬಂದವರು ಮರುದಿನ ಮೆಚ್ಚಿನ ಪದ್ಯವೊಂದನ್ನು ಗುನುಗುವಾಗ ಯಾರಂತೆ ಹಾಡುತ್ತಾರೆ? ಸುಭದ್ರೆಯಂತೆಯೋ, ಸುಭದ್ರೆಯ ಪದ್ಯ ಹೇಳಿದ ಭಾಗವತರಂತೆಯೋ? ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಕಾಫಿ ಸೀಮೆಯ ಕೇಳುಗರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ಪ್ರತಿಪಾದನೆ ಇಷ್ಟು: ಯಕ್ಷಗಾನದಲ್ಲಿ ಹಾಡುವ ದನಿ ಒಬ್ಬರದು, ಕುಣಿಯುವ ದೇಹ ಇನ್ನೊಬ್ಬರದು. ಇವೆರಡರ ನಡುವೆ ಉಳಿಯುವ ಜಾಗದಲ್ಲಿಯೇ ಕೇಳುಗರ ಸ್ವಂತ ಬದುಕು ಬಂದು ಕೂರುತ್ತದೆ. ಆ ಜಾಗಕ್ಕೆ ಇಲ್ಲಿನ ಋತುಮಾನ, ದುಡಿಮೆ ಮತ್ತು ಹರಕೆ ತಮ್ಮದೇ ರೂಪ ಕೊಟ್ಟಿವೆ.

ಅಮೆರಿಕದ ಸಂಗೀತ ನಾಟಕಗಳಲ್ಲಿ ಪಾತ್ರಧಾರಿಯೇ ಹಾಡುತ್ತಾನೆ. 1943ರ 'ಒಕ್ಲಹೋಮ'ದ ನಂತರ ಗಟ್ಟಿಯಾಗಿ ನೆಲೆಗೊಂಡ ಕ್ರಮದ ಪ್ರಕಾರ, ಹಾಡು ಕಥೆಯನ್ನು ಮುಂದಕ್ಕೆ ಒಯ್ಯಬೇಕು, ಮಾತಿನಲ್ಲಿ ಹೇಳಲಾಗದ್ದನ್ನು ಪಾತ್ರ ಹಾಡಿನಲ್ಲಿ ಹೇಳಬೇಕು. ಅಂಥ ಹಾಡನ್ನು ಮೆಚ್ಚಿದವರು ಆ ಪಾತ್ರದ ಆಸೆಯನ್ನು ತಮ್ಮ ಆಸೆಯಾಗಿ ಹಾಡಿಕೊಳ್ಳುತ್ತಾರೆ. ನಮ್ಮ ಆಟದ ರಚನೆ ಬೇರೆ. ರಂಗಸ್ಥಳದ ಹಿಂಬದಿಯಲ್ಲಿ, ಎಲ್ಲರಿಗೂ ಕಾಣುವಂತೆ, ಭಾಗವತರು ಕೂತಿರುತ್ತಾರೆ. ಪಕ್ಕದಲ್ಲಿ ಮದ್ದಳೆ, ಚೆಂಡೆ. ದಮಯಂತಿಯ ಗೋಳನ್ನೂ ಕೌರವನ ಕೊಬ್ಬನ್ನೂ ಹಾಡುವುದು ಅದೇ ಕಂಠ. ವೇಷಧಾರಿ ಆ ಪದ್ಯಕ್ಕೆ ಕುಣಿದು, ಅಭಿನಯಿಸಿ, ಆಮೇಲೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ್ಯ ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿದೆ, ಅದರ ತಲೆಯ ಮೇಲೆ ರಾಗ ತಾಳಗಳ ಹೆಸರೂ ಇದೆ. ಅರ್ಥ ಅದರಲ್ಲಿ ಅಚ್ಚಾಗಿಲ್ಲ, ಅದು ಆ ರಾತ್ರಿಯದು.

ಇದರ ಪರಿಣಾಮವನ್ನು 'ಅಭಿಮನ್ಯು ಕಾಳಗ'ದಲ್ಲಿ ಚೆನ್ನಾಗಿ ಕಾಣಬಹುದು. ಯುದ್ಧಕ್ಕೆ ಹೊರಟ ಮಗನನ್ನು ಸುಭದ್ರೆ ತಡೆಯುವ ಭಾಗ ಅದು. ಪದ್ಯ ತಾಯಿಯದು, ದನಿ ಗಂಡಸಿನದು, ವೇಷವೂ ಬಹುಪಾಲು ಗಂಡಸಿನದೇ. ಕಣ್ಣೆದುರಿನ ಸುಭದ್ರೆ ಬಾಯಿ ತೆರೆಯದೆ ನಿಂತಿರುವಾಗ ಅವಳ ಸಂಕಟ ಹಿಂದಿನಿಂದ ಬರುತ್ತದೆ. ಹೀಗಿರುವುದರಿಂದಲೇ ಆ ಸಂಕಟ ಒಬ್ಬ ನಟಿಯ ಮುಖಕ್ಕೆ ಅಂಟಿಕೊಳ್ಳುವುದಿಲ್ಲ. ಮಗನನ್ನು ದೂರದ ಊರಿಗೆ ಕಳಿಸಿ ಬಂದ ಹೆಂಗಸು ಪದ್ಯವನ್ನು ತನ್ನದಾಗಿಸಿಕೊಳ್ಳಲು ಯಾವ ಮುಖವನ್ನೂ ಬದಿಗೆ ಸರಿಸಬೇಕಾಗಿಲ್ಲ. ನಳ ಬಿಟ್ಟುಹೋದ ಮೇಲೆ ದಮಯಂತಿ ಕಾಡಿನಲ್ಲಿ ಅಲೆಯುವ ಪದ್ಯಗಳನ್ನು ಬಯಲುಸೀಮೆಯ ಸಭಾಂಗಣದಲ್ಲಿ ಕೇಳುವುದಕ್ಕೂ ಬಾಳೂರಿನ ಕಡೆಯ ಗದ್ದೆಬಯಲಿನಲ್ಲಿ, ಹತ್ತು ಮಾರು ಆಚೆಗೇ ನಿಜವಾದ ಕಾಡು ಇರುವಾಗ ಕೇಳುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಪ್ರಸಂಗದಲ್ಲಿಲ್ಲ, ರಾಗದಲ್ಲಿಲ್ಲ. ಕೇಳುವ ಜಾಗದಲ್ಲಿದೆ.

ಈ ಸೀಮೆಗೆ ಆಟ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ, ಬೆಳ್ತಂಗಡಿ, ಧರ್ಮಸ್ಥಳ. ಕಳಸದಿಂದ ಸಂಸೆ, ಕುದುರೆಮುಖದ ಮೂಲಕ ಇಳಿದರೆ ಕಾರ್ಕಳದ ಸೀಮೆ. ಈ ಎರಡು ದಾರಿಗಳೂ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ನಾಡಿಗೆ ಹೋಗುತ್ತವೆ. ಕೊಪ್ಪ, ಶೃಂಗೇರಿಯ ಕಡೆಗೆ ಸರಿದಂತೆ ಆಗುಂಬೆಯ ದಾರಿ ಸಿಗುತ್ತದೆ. ಅಲ್ಲಿಂದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮಂದಾರ್ತಿ ಮೇಳಗಳು ಹತ್ತಿರ. ಹೀಗಾಗಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಎರಡು ತಿಟ್ಟುಗಳನ್ನೂ ಕೇಳಿಸಿಕೊಂಡ ನೆಲ. ಕರಾವಳಿಯಲ್ಲಿ ತಿಟ್ಟಿನ ಮೇಲಿನ ಅಭಿಮಾನ ಊರಿನ ಮೇಲಿನ ಅಭಿಮಾನದೊಂದಿಗೆ ಬೆರೆತಿರುತ್ತದೆ. ಘಟ್ಟದ ಮೇಲೆ ಆ ಗೆರೆ ಅಷ್ಟು ಬಿಗಿಯಾಗಿಲ್ಲ. ಇದು ಇಲ್ಲಿನ ಕೇಳುಗರಿಗೆ ಸಿಕ್ಕ ಒಂದು ಸ್ವಾತಂತ್ರ್ಯವೆಂದೇ ನಾನು ಭಾವಿಸುತ್ತೇನೆ.

ದಾರಿಗಿಂತ ಮುಖ್ಯವಾದದ್ದು ಕಾಲ. ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಮುಗಿಯುತ್ತದೆ. ಕಾಫಿಯ ಕೆಲಸವೂ ಅದೇ ತಿಂಗಳುಗಳದು: ನವೆಂಬರಿನಿಂದ ಅರೇಬಿಕಾ ಹಣ್ಣಿನ ಕೊಯ್ಲು, ಹಿಂದೆಯೇ ರೋಬಸ್ಟಾ, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆಯ ಕಾಯುವಿಕೆ. 19ನೇ ಶತಮಾನದ ನಡುವಿನಿಂದ ಕಾಫಿ ತೋಟಗಳು ಹರಡಿದಂತೆ ದಕ್ಷಿಣ ಕನ್ನಡದಿಂದ ದುಡಿಯುವವರು ಬೆಳೆ ಮುಗಿಸಿ ಘಟ್ಟ ಹತ್ತುವುದು, ಮಳೆಗೆ ಮೊದಲು ಇಳಿಯುವುದು ರೂಢಿಯಾಯಿತು. ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದವರು ಲೈನ್ ಮನೆಗಳಲ್ಲಿ ಇರುತ್ತಿದ್ದರು. ಅವರಲ್ಲಿ ಬಹಳ ಜನರ ಮನೆಮಾತು ತುಳು. ಅಂದರೆ ಘಟ್ಟದ ಕೆಳಗಿನವರು ಮೇಲಿರುವ ತಿಂಗಳುಗಳೂ, ಕೆಳಗಿನ ಮೇಳಗಳು ತಿರುಗುವ ತಿಂಗಳುಗಳೂ, ಗದ್ದೆ ಕೊಯ್ಲಾಗಿ ಬಯಲು ತೆರವಾಗುವ ತಿಂಗಳುಗಳೂ, ಕೈಯಲ್ಲಿ ಒಂದಿಷ್ಟು ಕಾಸು ಓಡಾಡುವ ತಿಂಗಳುಗಳೂ ಒಂದೇ. ಊರು ಬಿಟ್ಟು ಬಂದವನಿಗೆ ಚೆಂಡೆಯ ಸದ್ದು ಊರಿನ ಸದ್ದಾಗಿತ್ತು. ಅಲ್ಲೇ ಹುಟ್ಟಿ ಬೆಳೆದ ಮಲೆನಾಡಿಗನಿಗೆ ಅದು ಸುಗ್ಗಿಯ ಸದ್ದು. ಒಂದೇ ಪದ್ಯ, ಒಂದೇ ಬಯಲು, ಕಂಬಳಿ ಹೊದ್ದು ಅಕ್ಕಪಕ್ಕ ಕೂತವರಿಗೆ ಬೇರೆ ಬೇರೆ ನೆನಪು. ಮನೆಯಲ್ಲಿ ತುಳು ಆಡುವವರು ಪ್ರಸಂಗದ ಹಳಗನ್ನಡ ಬೆರೆತ ಕನ್ನಡವನ್ನು ಓದಿ ಕಲಿತದ್ದಲ್ಲ, ವರ್ಷ ವರ್ಷ ಕೇಳಿ ಕಂಠಕ್ಕಿಳಿಸಿಕೊಂಡದ್ದು. ಅಭಿಮಾನದ ಅಧ್ಯಯನಗಳು ಈ ಬಗೆಯ ಕಲಿಕೆಗೆ ಸಾಕಷ್ಟು ಗಮನ ಕೊಟ್ಟಿಲ್ಲ ಎನ್ನುವುದು ನನ್ನ ಕೊರಗು.

ಇನ್ನು ಹರಕೆ. ಟಿಕೆಟ್ಟು ಕೊಂಡು ಒಳಹೋಗುವ ಡೇರೆ ಮೇಳಗಳು 20ನೇ ಶತಮಾನದಲ್ಲಿ ಜೋರಾಗಿ ನಡೆದವು, ಮಲೆನಾಡಿನ ಪೇಟೆಗಳಿಗೂ ಬಂದವು. ಅದಕ್ಕಿಂತ ಹಳೆಯದೂ ಅದಕ್ಕಿಂತ ಗಟ್ಟಿಯಾಗಿ ಉಳಿದದ್ದೂ ಹರಕೆ ಆಟ. ಕಾಯಿಲೆ ವಾಸಿಯಾದರೆ, ಮಗು ಹುಟ್ಟಿದರೆ, ತೋಟದ ವ್ಯಾಜ್ಯ ಮುಗಿದರೆ ದೇವಿಗೆ ಒಂದು ಆಟ ಆಡಿಸುತ್ತೇವೆ ಎಂದು ಹೊತ್ತ ಹರಕೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಿಗೆ ಸರದಿ ವರ್ಷಗಟ್ಟಲೆ ಕಾಯಬೇಕು. ಹೊತ್ತವರು ತೀರಿಹೋಗಿ ಮಕ್ಕಳು ತೀರಿಸುವುದೂ ಉಂಟು. ಆಟದ ದಿನ ಮೇಳದ ದೇವರು ಮನೆಗೆ ಬಂದಂತೆ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯಾಗುತ್ತದೆ, ಸೇವಾಕರ್ತರು ಪ್ರಸಾದ ಪಡೆಯುತ್ತಾರೆ, ಊರಿಗೆ ಊಟ. ಆಟ ನೋಡಲು ಯಾರಿಗೂ ತಡೆಯಿಲ್ಲ: ತೋಟದ ಸಾಹುಕಾರರು, ರೈಟರು, ಕೊಯ್ಲಿಗೆ ಬಂದವರು, ಪಕ್ಕದೂರಿನ ನೆಂಟರು, ಎಲ್ಲರೂ. ಸಮಾನವಾಗಿ ಕೂತರು ಎಂದು ನಾನು ಹೇಳುತ್ತಿಲ್ಲ. ಮುಂದಿನ ಕುರ್ಚಿ ಯಾರಿಗೆ, ಹಿಂದಿನ ಚಾಪೆ ಯಾರಿಗೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಪದ್ಯ ಕಿವಿಗೆ ಬೀಳುವುದರಲ್ಲಿ ಆ ಅಂತರ ಇರಲಿಲ್ಲ.

ಹರಕೆ ಆಟದಲ್ಲಿ ಕೇಳುಗ ಬರಿಯ ಕೇಳುಗನಲ್ಲ. ಆ ರಾತ್ರಿ ನಡೆಯುತ್ತಿರುವುದಕ್ಕೆ ಅವನ ಮನೆಯ ಒಂದು ಸಂಕಟ, ಒಂದು ಮಾತು ಕಾರಣ. 'ಶ್ರೀದೇವೀ ಮಹಾತ್ಮೆ'ಯಲ್ಲಿ ಮಹಿಷಾಸುರ ದೊಂದಿಗಳ ನಡುವೆ, ಜನರ ಮಧ್ಯದಿಂದ ಅಬ್ಬರಿಸುತ್ತ ಬರುವಾಗ ಊರಿನ ಮಕ್ಕಳು ಹೆದರಿದ್ದು ಎಲ್ಲರ ನೆನಪು. ಅದೇ ಪ್ರಸಂಗದಲ್ಲಿ ದೇವಿಯ ಪ್ರತ್ಯಕ್ಷದ ಪದ್ಯ ಏಳುವಾಗ, ಮಗುವಿನ ಜ್ವರ ಇಳಿಯಲೆಂದು ಹರಕೆ ಹೊತ್ತ ತಾಯಿಗೆ ಆಗುವುದು ಅವಳೊಬ್ಬಳದೇ. 'ನಮ್ಮನೆ ಆಟದ ದಿನ ಭಾಗವತರು ಆ ಪದ್ಯ ಎತ್ತಿದಾಗ' ಎಂದು ಇಲ್ಲಿನವರು ಮಾತು ಶುರುಮಾಡುವುದನ್ನು ಗಮನಿಸಬೇಕು. ಮೊದಲು ಮನೆ, ಆಮೇಲೆ ಆಟ, ಆಮೇಲೆ ಭಾಗವತರು, ಕೊನೆಗೆ ಪದ್ಯ. ಧ್ವನಿಮುದ್ರಿತ ಹಾಡಿನ ಅಭಿಮಾನಿ ಈ ಸಾಲನ್ನು ತಿರುಗಿಸಿ ಹೇಳುತ್ತಾನೆ. ಅವನಿಗೆ ಹಾಡು ಮೊದಲು.

ರಾತ್ರಿಯ ಹೊತ್ತೂ ಪದ್ಯಕ್ಕೆ ಸೇರಿದ್ದು. ಇಡೀ ರಾತ್ರಿಯ ಆಟದಲ್ಲಿ ಮೊದಲ ಭಾಗವನ್ನು ಕಿರಿಯ ಭಾಗವತರು ನಡೆಸುತ್ತಾರೆ, ಮುಖ್ಯ ಭಾಗವತರು ನಡುರಾತ್ರಿಯ ಹೊತ್ತಿಗೆ ಕೂರುತ್ತಾರೆ, ಬೆಳಗು ಹತ್ತಿರವಾದಂತೆ ಶ್ರುತಿ ಏರುತ್ತದೆ. ಸಂಜೆಯೇ ಮಲಗಿದ ಮಗು ಚೆಂಡೆಯ ಪೆಟ್ಟಿಗೆ ಎಚ್ಚರಗೊಂಡು ಕೇಳಿದ ಒಂದೇ ಪದ್ಯ, ಮೊದಲು ಕೊನೆ ಗೊತ್ತಿಲ್ಲದೆ, ಬದುಕಿಡೀ ಉಳಿದ ಉದಾಹರಣೆಗಳು ಬೇಕಷ್ಟು ಸಿಗುತ್ತವೆ. ಶಬ್ದಮಾಲಿನ್ಯದ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದವು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವರ ಅನುಕೂಲವೂ ಸೇರಿ ಕಾಲಮಿತಿಯ ಆಟ ರೂಢಿಗೆ ಬಂತು. ಇದನ್ನು ಬರಿಯ ನಷ್ಟವೆಂದು ಬರೆಯುವುದು ಸರಿಯಲ್ಲ, ವಯಸ್ಸಾದವರೂ ಮಕ್ಕಳೂ ಈಗ ಪೂರ್ತಿ ಪ್ರಸಂಗ ನೋಡುತ್ತಾರೆ. ಆದರೆ ನಾಲ್ಕು ಗಂಟೆಯ ಚಳಿಯಲ್ಲಿ ಕೇಳಿದ ಪದ್ಯ ಎಂಬ ನೆನಪಿನ ಬಗೆಯೊಂದು ಹೊಸ ತಲೆಮಾರಿಗೆ ಅಪರೂಪವಾಗುತ್ತಿದೆ.

ಕ್ಯಾಸೆಟ್ಟಿನ ಕಾಲ ಪದ್ಯಕ್ಕೂ ಕೇಳುಗರಿಗೂ ಇದ್ದ ಸಂಬಂಧವನ್ನು ಒಂದು ಮಟ್ಟಿಗೆ ಬದಲಿಸಿತು. ಆಕಾಶವಾಣಿಯ ಭದ್ರಾವತಿ ಕೇಂದ್ರ 1965ರಲ್ಲಿ, ಮಂಗಳೂರು ಕೇಂದ್ರ 1976ರಲ್ಲಿ ಶುರುವಾಗಿದ್ದವು. ವೇಷವಿಲ್ಲದ ಪದ್ಯವನ್ನು ಮನೆಯೊಳಗೆ ಕೇಳುವುದು ಆಗಲೇ ಹೊಸತಾಗಿರಲಿಲ್ಲ. ಆದರೆ ಬೇಕೆಂದಾಗ, ಬೇಕಾದಷ್ಟು ಸಲ ಕೇಳುವುದು ಟೇಪ್ ರೆಕಾರ್ಡರಿನಿಂದ ಸಾಧ್ಯವಾಯಿತು. ಆ ಹೊತ್ತಿಗೆ ಬಡಗಿನಲ್ಲಿ ಗುಂಡ್ಮಿ ಕಾಳಿಂಗ ನಾವಡರ ಕಂಠ ಬೆಳಗುತ್ತಿತ್ತು. 1958ರಲ್ಲಿ ಹುಟ್ಟಿದ ಅವರು ಸಾಲಿಗ್ರಾಮ ಮೇಳದ ಭಾಗವತರಾಗಿ ಹೊಸ ರಾಗಗಳನ್ನು ತಂದರು, 'ನಾಗಶ್ರೀ'ಯಂಥ ಪ್ರಸಂಗ ಬರೆದರು, 1990ರ ಮೇ ತಿಂಗಳಲ್ಲಿ 32 ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಎದುರು ಕೂತು ಕೇಳದವರೂ ಇವತ್ತು ಅವರ ಅಭಿಮಾನಿಗಳು. ದನಿ ದೇಹದಿಂದ ಇಲ್ಲಿ ಎರಡನೇ ಸಲ ಬಿಡುಗಡೆಗೊಂಡಿತು: ಮೊದಲು ವೇಷದಿಂದ, ಈಗ ಭಾಗವತರ ಸ್ವಂತ ದೇಹದಿಂದಲೂ. ಹಾಗೆಂದು ಹರಕೆ ಆಟದ ಕೇಳುವಿಕೆ ಅಳಿಸಿಹೋಗಲಿಲ್ಲ. ಅಭಿಮಾನಿಗಳು ಆಟದ ಬಯಲಿನಲ್ಲೇ ಟೇಪ್ ರೆಕಾರ್ಡರ್ ಹಿಡಿದು ತುಂಬಿಸಿಕೊಂಡ ಕ್ಯಾಸೆಟ್ಟುಗಳಲ್ಲಿ ಪದ್ಯದ ಜೊತೆ ಮಗುವಿನ ಅಳು, ಕೆಮ್ಮು, ಯಾರನ್ನೋ ಕರೆಯುವ ಕೂಗು ಎಲ್ಲವೂ ಇವೆ. ಸ್ಟುಡಿಯೋದ ಶುದ್ಧ ಮುದ್ರಣಕ್ಕಿಂತ ಇವನ್ನೇ ಮೆಚ್ಚುವವರನ್ನು ನಾನು ಕಂಡಿದ್ದೇನೆ, ಅವರ ಮೆಚ್ಚುಗೆಗೆ ಕಾರಣವಿದೆ. ಆ ಕೂಗಿನಲ್ಲಿ ಅವರ ಊರಿದೆ.

ತೆಂಕಿನಲ್ಲಿ ಕೇಳುಗರ ಒಲವು ಎರಡು ತುದಿಗಳ ನಡುವೆ ಆಡುತ್ತದೆ. ಒಂದು ಕಡೆ ಬಲಿಪ ನಾರಾಯಣ ಭಾಗವತರ ಏರುಕಂಠದ, ಪರಂಪರೆಯ ಮಟ್ಟು ಬಿಡದ ಹಾಡುಗಾರಿಕೆ. 'ಪಂಚದಿನ ದೇವೀ ಮಹಾತ್ಮೆ' ಬರೆದ ಅವರು 2023ರ ಫೆಬ್ರವರಿಯಲ್ಲಿ ನಿಧನರಾದರು. ಇನ್ನೊಂದು ಕಡೆ ಹಿಂದುಸ್ತಾನಿ ರಾಗಗಳ ಸೊಬಗನ್ನು ತಂದ ದಾಮೋದರ ಮಂಡೆಚ್ಚರ ದಾರಿ. ಯಾವುದು ಶುದ್ಧ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಕೇಳುಗರು ಈ ಜಗಳವನ್ನು ಇಷ್ಟು ಬಿಸಿಯಾಗಿ ಆಡುತ್ತಾರೆ ಎನ್ನುವುದೇ ನನಗೆ ಸಾಕ್ಷ್ಯ: ಅವರ ನಂಟು ಪಾತ್ರಕ್ಕಿಂತ ದನಿಯ ಜೊತೆಗಿದೆ.

ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಆ ದನಿ ಇನ್ನೂ ಹತ್ತಿರ ಬರುತ್ತದೆ: ವೇಷವಿಲ್ಲದ ತಾಳಮದ್ದಳೆ, ಆಮೇಲೆ ಚಿಕ್ಕಮೇಳ. ಎರಡು ವೇಷ, ಒಬ್ಬ ಭಾಗವತ, ಚೆಂಡೆ ಮದ್ದಳೆಯೊಂದಿಗೆ ಘಟ್ಟದ ಕೆಳಗಿನಿಂದ ಬರುವ ತಂಡಗಳು ಸಂಜೆ ಮನೆ ಮನೆಗೆ ಬಂದು ಸ್ವಲ್ಪ ಹೊತ್ತು ಆಡಿ ಹೋಗುತ್ತವೆ. ಚಾವಡಿಯ ನಾಲ್ಕು ಗೋಡೆಯೊಳಗೆ ಚೆಂಡೆ ಬಡಿದಾಗ ಕೇಳುಗನಿಗೂ ಭಾಗವತನಿಗೂ ನಡುವೆ ಒಂದು ಮಾರು ದೂರ.

ದನಿ ಮತ್ತು ದೇಹದ ನಡುವಿನ ಜಾಗದಲ್ಲಿ ಕೇಳುಗರ ಬದುಕು ಕೂರುತ್ತದೆ ಎಂಬ ನನ್ನ ವಾದವನ್ನು ಪರೀಕ್ಷಿಸಲು, ಎರಡೂ ಒಂದೇ ಆಗಿರುವ ಕಲೆಯನ್ನು ಎದುರಿಗಿಡಬೇಕು. ಬಿ.ವಿ. ಕಾರಂತರು ಬೆಳೆಸಿದ ರಂಗಗೀತೆ ಅಂಥದು, ನಟರೇ ಹಾಡುತ್ತಾರೆ. ಈ ಜಿಲ್ಲೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣ ರಾತ್ರಿಯಿಡೀ ಆಡಿತು: ಸಿ. ಬಸವಲಿಂಗಯ್ಯ ಅವರ ನಿರ್ದೇಶನ, ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ, ಹಂಸಲೇಖ ಅವರ ಸಂಗೀತ. ಸುಮಾರು ಒಂಬತ್ತು ಗಂಟೆಯ ಆ ನಾಟಕದ ಹಾಡುಗಳನ್ನು ನೆನೆಯುವವರು ಅದರ ಪಾತ್ರಗಳಾದ ಗುತ್ತಿಯನ್ನೋ ತಿಮ್ಮಿಯನ್ನೋ ಕಣ್ಣಮುಂದೆ ತಂದುಕೊಂಡೇ ನೆನೆಯುತ್ತಾರೆ. ಪಾತ್ರ ಬಿಟ್ಟು ಹಾಡಿಲ್ಲ. ಸಿನಿಮಾದಲ್ಲಿ ಎರಡೂ ಬಗೆ ಇವೆ. ಬಹುಕಾಲ ರಾಜ್‌ಕುಮಾರರ ದೇಹಕ್ಕೆ ಪಿ.ಬಿ. ಶ್ರೀನಿವಾಸರ ದನಿ ಇತ್ತು. 1974ರ 'ಸಂಪತ್ತಿಗೆ ಸವಾಲ್' ನಂತರ ದನಿ ದೇಹ ಒಂದಾದವು. 'ಭಾಗ್ಯವಂತ'ದಲ್ಲಿ ಪುಟ್ಟ ಬಾಲಕನಾಗಿ ಪುನೀತ್ ರಾಜ್‌ಕುಮಾರ್ ತಾವೇ ಹಾಡಿದ ಹಾಡು, ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ನಂತರ ಜನರಿಗೆ ಬೇರೆಯೇ ಹಾಡಾಯಿತು. ದನಿ ಅವರದೇ ಆಗಿದ್ದರಿಂದ ಅಗಲಿಕೆ ನೇರವಾಗಿ ಹಾಡಿನೊಳಗೆ ಇಳಿಯಿತು. ಯಕ್ಷಗಾನದ ಪದ್ಯದಲ್ಲಿ ವೇಷಧಾರಿಯ ಸಾವು ಹೀಗೆ ಪದ್ಯವನ್ನು ಹಿಡಿಯುವುದಿಲ್ಲ, ಭಾಗವತರ ಸಾವು ಹಿಡಿಯುತ್ತದೆ.

ಹಾಡುಳ್ಳ ಆನಿಮೇಷನ್ ಚಿತ್ರ ಈ ನಕ್ಷೆಯಲ್ಲಿ ಎಲ್ಲಿದೆ? ನನ್ನ ಲೆಕ್ಕದಲ್ಲಿ ಅದು ನಾಟಕಕ್ಕಿಂತ ಆಟಕ್ಕೆ ಹತ್ತಿರ. ಬರೆದ ದೇಹ ಒಂದು, ಹಾಡುವ ಕಂಠ ಇನ್ನೊಂದು. 1937ರ 'ಸ್ನೋ ವೈಟ್'ನಲ್ಲಿ ನಾಯಕಿಗೆ ದನಿ ಕೊಟ್ಟ ಏಡ್ರಿಯಾನಾ ಕ್ಯಾಸಲಾಟಿಯ ಹೆಸರು ಪರದೆಯ ಮೇಲೆ ಬರಲೇ ಇಲ್ಲ. 'ಅಲ್ಲಾದೀನ್'ನ ಜಾಸ್ಮಿನ್‌ಗೂ 'ಮುಲಾನ್'ನ ಮುಲಾನ್‌ಗೂ ಹಾಡಿದ್ದು ಲಿಯಾ ಸಲೋಂಗಾ ಒಬ್ಬರೇ, ಮಾತಾಡಿದವರು ಬೇರೆಯವರು. ಆ ಚಿತ್ರಗಳ ಹಾಡುಗಳನ್ನು ಮಕ್ಕಳು ಅಷ್ಟು ಸುಲಭವಾಗಿ ತಮ್ಮದಾಗಿಸಿಕೊಳ್ಳುವುದಕ್ಕೆ, ಮುಖ ಯಾರದೂ ಅಲ್ಲ ಎನ್ನುವುದು ಒಂದು ಕಾರಣವಿರಬೇಕು. ವ್ಯತ್ಯಾಸವೂ ಅಲ್ಲೇ ಇದೆ. ಅಲ್ಲಿ ಕಂಠ ಅಡಗಿದೆ, ಆಟದಲ್ಲಿ ಕಂಠ ರಂಗಸ್ಥಳದ ಮೇಲೆಯೇ ದೀಪದ ಬೆಳಕಿನಲ್ಲಿ ಕೂತಿದೆ. ಅಲ್ಲಿ ಹಾಡಿನ ಒಂದೇ ರೂಪ ಸಾವಿರ ಸಲ ಬರುತ್ತದೆ, ಇಲ್ಲಿ ಒಂದು ಪದ್ಯ ಎರಡು ಸಲ ಒಂದೇ ರೀತಿ ಬರುವುದಿಲ್ಲ.

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿತ್ತು. ಡಬ್ಬಿಂಗಿಗೆ ಇದ್ದ ದೀರ್ಘ ವಿರೋಧದಿಂದಾಗಿ ದೊಡ್ಡ ಆನಿಮೇಷನ್ ಚಿತ್ರಗಳ ಹಾಡುಗಳನ್ನು ಅವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಬೇಕಾಗಿತ್ತು. 2019ರ 'ದಿ ಲಯನ್ ಕಿಂಗ್' ಹಿಂದಿ, ತಮಿಳು, ತೆಲುಗಿಗೆ ಬಂತು. ಇದಕ್ಕೆ ಹೋಲಿಸಿದರೆ 2025ರ ಜುಲೈ 25ರಂದು ಬಿಡುಗಡೆಯಾದ ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ' ಮಹತ್ವದ್ದು. ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಆನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು, ಅದರಲ್ಲಿ ಭಕ್ತಿಗೀತೆಗಳಿವೆ, ಕಥೆ ಪ್ರಹ್ಲಾದನದು. ಅದೇ ಕಥೆ ಆಟದಲ್ಲಿ 'ಪ್ರಹ್ಲಾದ ಚರಿತ್ರೆ'. ಅದೇ ಕಥೆ 1983ರ 'ಭಕ್ತ ಪ್ರಹ್ಲಾದ' ಸಿನಿಮಾ. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ಕಾಫಿ ಸೀಮೆಯ ಒಂದೇ ಮನೆಯಲ್ಲಿ ಅಜ್ಜಿಗೆ ಆಟದ ಪದ್ಯ, ಅಪ್ಪನಿಗೆ ಸಿನಿಮಾದ ಹಾಡು, ಮೊಮ್ಮಗಳಿಗೆ ಆನಿಮೇಷನ್ನಿನ ಹಾಡು, ಮೂರೂ ಒಂದೇ ಪ್ರಹ್ಲಾದನವು. ಇಂಥ ಮನೆಗಳಲ್ಲಿ ಕೂತು, ಯಾರು ಯಾರ ಹಾಡನ್ನು ಹಾಡಬಲ್ಲರು ಎಂದು ಕೇಳಿ ಬರೆದುಕೊಳ್ಳುವುದು ಈಗ ಮಾಡಬಹುದಾದ ಕೆಲಸ. ನನ್ನ ಊಹೆ ಹೀಗಿದೆ: ಮೊಮ್ಮಗಳು ಅಜ್ಜಿಯ ಪದ್ಯವನ್ನು ಕಲಿಯಬಲ್ಲಳು, ಏಕೆಂದರೆ ಅದಕ್ಕೆ ಮುಖವಿಲ್ಲ. ಅಪ್ಪನ ಹಾಡು ಪುನೀತರ ಮುಖದೊಂದಿಗೇ ಬರುತ್ತದೆ, ಅದನ್ನು ಅವಳು ಅಪ್ಪನ ನೆನಪಾಗಿಯೇ ಕೇಳಬೇಕಾದೀತು.

ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಅಭಿಮಾನವೆಲ್ಲ ಪದ್ಯದ್ದಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತಕ್ಕೆ ಸೋತವರಿಗೂ, ಅರ್ಥಗಾರಿಕೆಯ ಮಾತಿನ ಬೆರಗಿಗೆ ಸೋತವರಿಗೂ ಈ ಟಿಪ್ಪಣಿ ನ್ಯಾಯ ಸಲ್ಲಿಸದು. ಎರಡನೆಯದು, ತೋಟಗಳ ಜನರೇ ಬದಲಾಗಿದ್ದಾರೆ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ, ಬಂಗಾಳದ ಕಡೆಯಿಂದ ಬಂದವರು ಹೆಚ್ಚುತ್ತಿದ್ದಾರೆ; ಅವರ ಊರಿನ ಸದ್ದು ಅವರ ಮೊಬೈಲಿನಲ್ಲಿದೆ. ಚೆಂಡೆ ಅವರಿಗೆ ಏನು ಹೇಳುತ್ತದೆ ಎನ್ನುವುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ, ಅದನ್ನು ಅವರ ಭಾಷೆ ಬಲ್ಲವರು ಮಾಡಬೇಕು.

ತುರ್ತಾದ ಕೆಲಸವೊಂದಿದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಸುರುಳಿ ಬೂಷ್ಟು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ, ಒಂದು ಸಲ ತಪ್ಪಾಗಿ ಓಡಿಸಿದರೆ ಹರಿದುಹೋಗುತ್ತದೆ. ಮನೆಯ ಅಟ್ಟದಲ್ಲಿ, ಕಪಾಟಿನಲ್ಲಿ ಇರುವ ಆಟದ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವವರು ಭಾಗವತರ ಹೆಸರು, ಪ್ರಸಂಗದ ಹೆಸರು ಬರೆದು ನಿಲ್ಲಿಸುವುದು ಸಾಮಾನ್ಯ. ಅಷ್ಟು ಸಾಲದು. ಯಾರ ಮನೆಯ ಹರಕೆ, ಯಾವುದಕ್ಕಾಗಿ ಹೊತ್ತದ್ದು, ಯಾವ ಗದ್ದೆಯಲ್ಲಿ ಆಟ, ಕೊಯ್ಲಿನ ಮೊದಲೋ ಆಮೇಲೋ, ಟೇಪ್ ರೆಕಾರ್ಡರ್ ಹಿಡಿದು ಕೂತವರು ಯಾರು, ಆಮೇಲೆ ಆ ಮನೆಯಲ್ಲಿ ಆ ಪದ್ಯವನ್ನು ಯಾರು ಹಾಡುತ್ತಿದ್ದರು, ಇಷ್ಟನ್ನೂ ಮನೆಯವರ ಒಪ್ಪಿಗೆ ಪಡೆದು ಅದೇ ಕಡತದಲ್ಲಿ ಬರೆದಿಡಬೇಕು. ಹರಕೆ ಹೊತ್ತವರು ಇನ್ನೂ ಇರುವ ಮನೆಗಳಿಂದ ಶುರುಮಾಡಬೇಕು.